ನೋವೇ ಇಲ್ಲದ ವರ: ಷರತ್ತುಗಳು ಅನ್ವಯಿಸುತ್ತವೆ

ದೇವರು ಪ್ರತ್ಯಕ್ಷನಾಗಿ ವರ ಕೇಳು ಅಂದರೆ ಏನು ಕೇಳುತ್ತೀಯಾ ಅಂತ ಮಕ್ಕಳನ್ನು ಕೇಳಿ ನೋಡಿ. ಹಾರಬೇಕು, ಮಾಯ ಆಗಬೇಕು, ಪರೀಕ್ಷೆ ಇರಬಾರದು. ಐವತ್ತು ದಾಟಿದವರ ಉತ್ತರವೇ ಬೇರೆ. ಮಂಡಿ ನೋಯಬಾರದು, ಸೊಂಟ ನೋಯಬಾರದು, ಒಟ್ಟಿನಲ್ಲಿ ಮೈಯಲ್ಲಿ ಎಲ್ಲೂ ನೋವು ಅನ್ನುವುದೇ ಇರಬಾರದು. ನಾನು ಸಕ್ಕರೆ ಕಾಯಿಲೆಯವರ ಕಾಲು ನೋಡುವ ವೈದ್ಯ. ಈ ಬೇಡಿಕೆ ದಿನಾ ಕಿವಿಗೆ ಬೀಳುತ್ತದೆ.

ವರ ಕೇಳಿ ಕೆಟ್ಟವರ ಕಥೆ ನಮಗೇನು ಹೊಸದಲ್ಲ. ಹಿರಣ್ಯಕಶಿಪು ಒಳ್ಳೆ ವಕೀಲನ ಹಾಗೆ ಒಂದೊಂದೇ ಷರತ್ತು ಸೇರಿಸಿದ. ಹಗಲು ಬೇಡ, ರಾತ್ರಿ ಬೇಡ, ಒಳಗೆ ಬೇಡ, ಹೊರಗೆ ಬೇಡ. ಹೊಸ್ತಿಲು ಬಿಟ್ಟುಹೋಯಿತು. ಭಸ್ಮಾಸುರ ಅಷ್ಟೂ ಯೋಚಿಸಲಿಲ್ಲ. ತನ್ನ ತಲೆಯೂ ಒಂದು ತಲೆ ಅನ್ನುವುದನ್ನೇ ಮರೆತ. ಯಾಣದ ಕಪ್ಪು ಮಣ್ಣನ್ನು ಅವನ ಬೂದಿ ಅಂತ ಈಗಲೂ ತೋರಿಸುತ್ತಾರೆ. ಆದರೆ ನೋವಿಲ್ಲದ ವರವನ್ನು ಪುರಾಣದಲ್ಲಿ ಹುಡುಕಬೇಕಿಲ್ಲ. ಕೆಲವರಿಗೆ ಅದು ಹುಟ್ಟುತ್ತಲೇ ಸಿಕ್ಕಿದೆ.

ಪಾಕಿಸ್ತಾನದಲ್ಲಿ ಹತ್ತು ವರ್ಷದ ಒಬ್ಬ ಹುಡುಗನಿದ್ದ. ಬೀದಿಯಲ್ಲಿ ಆಟ ತೋರಿಸುತ್ತಿದ್ದ. ತೋಳಿಗೆ ಚಾಕು ಚುಚ್ಚಿಕೊಳ್ಳುತ್ತಿದ್ದ, ಕೆಂಡದ ಮೇಲೆ ನಡೆಯುತ್ತಿದ್ದ. ಆಮೇಲೆ ಆಸ್ಪತ್ರೆಗೆ ಬಂದು ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ. ಸಂಶೋಧಕರು ಅವನನ್ನು ಪರೀಕ್ಷಿಸುವ ಮೊದಲೇ, ಹದಿನಾಲ್ಕು ತುಂಬುವ ಹೊತ್ತಿಗೆ, ಮನೆಯ ಮಾಳಿಗೆಯಿಂದ ಹಾರಿ ಸತ್ತುಹೋದ. ಅದೇ ಸೀಮೆಯ ಮೂರು ಕುಟುಂಬಗಳಲ್ಲಿ ಅವನಂಥ ಇನ್ನೂ ಆರು ಜನ ಸಿಕ್ಕಿದರು. ಬುದ್ಧಿ ಚೆನ್ನಾಗಿತ್ತು. ಮುಟ್ಟಿದ್ದು ಗೊತ್ತಾಗುತ್ತಿತ್ತು, ಬಿಸಿ ತಣ್ಣಗೆ ಗೊತ್ತಾಗುತ್ತಿತ್ತು. ನೋವು ಮಾತ್ರ ಇಲ್ಲ. ಆರೂ ಜನ ಎಳೆಯ ವಯಸ್ಸಿನಲ್ಲೇ ತಮ್ಮ ತುಟಿ, ನಾಲಿಗೆ ಕಚ್ಚಿಕೊಂಡು ಗಾಯ ಮಾಡಿಕೊಂಡಿದ್ದರು. ಇಬ್ಬರಿಗೆ ನಾಲಿಗೆಯ ತುದಿಯೇ ಇರಲಿಲ್ಲ. ಮೂಳೆ ಮುರಿದದ್ದು ಕುಂಟುವುದನ್ನು ನೋಡಿದ ಮೇಲೆ ಗೊತ್ತಾಗುತ್ತಿತ್ತು.

2006ರಲ್ಲಿ ಕಾರಣ ಪ್ರಕಟವಾಯಿತು. ಎಸ್‌ಸಿಎನ್‌9ಎ ಅನ್ನುವ ಒಂದು ಜೀನ್ ಕೆಟ್ಟಿತ್ತು. ನೋವಿನ ನರಗಳಲ್ಲಿ ಸೋಡಿಯಂ ಹರಿಯುವ ಒಂದು ಬಾಗಿಲನ್ನು ಈ ಜೀನ್ ಮಾಡುತ್ತದೆ. ಆ ಬಾಗಿಲು ತೆರೆಯದಿದ್ದರೆ ಸುದ್ದಿ ಮುಂದೆ ಹೋಗುವುದಿಲ್ಲ. ಐದು ವರ್ಷ ಕಳೆದು, 2011ರಲ್ಲಿ, ಇನ್ನೊಂದು ಸಂಗತಿ ಹೊರಗೆ ಬಂತು. ಇಂಥವರಿಗೆ ಮೂಗಿಗೆ ವಾಸನೆಯೂ ಹತ್ತುವುದಿಲ್ಲ. ವಾಸನೆಯ ನರಗಳಿಗೂ ಅದೇ ಬಾಗಿಲು ಬೇಕಂತೆ. ನೋವು ಬೇಡ ಅಂದವರು ಒಗ್ಗರಣೆಯ ಘಮ, ಗ್ಯಾಸ್ ಸೋರಿದ ವಾಸನೆ ಎರಡನ್ನೂ ಬಿಟ್ಟುಕೊಟ್ಟ ಹಾಗಾಯಿತು. ವರದ ಪತ್ರದಲ್ಲಿ ಅತಿ ಸಣ್ಣ ಅಕ್ಷರದಲ್ಲಿ ಬರೆದಿದ್ದು ಇದೇ ಅಲ್ವಾ?

ನನ್ನ ಬಳಿ ಬರುವವರಿಗೆ ಈ ವರ ಅರ್ಧ ಸಿಕ್ಕಿರುತ್ತದೆ, ಅದೂ ತಡವಾಗಿ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದು ಪಾದದ ನರಗಳು ಸತ್ತಿರುತ್ತವೆ. ಅಡಿಕೆ ವ್ಯಾಪಾರಿಯೊಬ್ಬರು ನೆನಪಾಗುತ್ತಾರೆ. ‘ಏನೂ ನೋವಿಲ್ಲ ಡಾಕ್ಟ್ರೇ, ಆರಾಮಾಗಿದೀನಿ. ಸಾಕ್ಸ್ ವಾಸನೆ ಬರ್ತಿದೆ ಅಂತ ನಮ್ಮ ಮನೆಯವಳು ಎಳ್ಕೊಂಡು ಬಂದ್ಲು’ ಅಂದರು. ಶೂ ಬಿಚ್ಚಿಸಿ ಕೊಡವಿದೆ. ಒಂದು ಹುಣಸೆ ಬೀಜ ಬಿತ್ತು. ಹೆಬ್ಬೆರಳ ಬುಡದಲ್ಲಿ ಆಣಿಯಂತೆ ಗಟ್ಟಿಯಾದ ಚರ್ಮ, ಅದರ ಅಡಿಯಲ್ಲಿ ಕೀವು. ಕಣ್ಣು ಮುಚ್ಚಿಸಿ, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿದೆ. ತಾಗಿದರೆ ‘ಹೂಂ’ ಅನ್ನಬೇಕು. ಅವರು ಹೂಂ ಅನ್ನಲೇ ಇಲ್ಲ. ಕೊನೆಗೆ, ‘ಶುರು ಮಾಡಿ ಡಾಕ್ಟ್ರೇ’ ಅಂದರು.

ನಮ್ಮ ನಿಮ್ಮ ಶೂ ಒಳಗೆ ಅದೇ ಬೀಜ ಇದ್ದರೆ ನಾಲ್ಕು ಹೆಜ್ಜೆಗೆ ನಿಲ್ಲುತ್ತೇವೆ. ಅದಿರಲಿ, ಗೊತ್ತೇ ಆಗದ ಹಾಗೆ ನೋವು ಮಾಡುವ ಕೆಲಸ ಇನ್ನೂ ದೊಡ್ಡದು. ಬಸ್ಸಿಗೆ ಕಾಯುವಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತೇವೆ. ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತೇವೆ. ಯಾರೂ ಹೇಳಿಕೊಟ್ಟಿಲ್ಲ. ಈ ಮೆಲ್ಲಗಿನ ಒತ್ತಾಯ ನಿಂತುಹೋದರೆ ಕೀಲುಗಳೇ ಹಾಳಾಗುತ್ತವೆ.

ಇದನ್ನು ಜಗತ್ತಿಗೆ ಸರಿಯಾಗಿ ತೋರಿಸಿದವರಲ್ಲಿ ಪಾಲ್ ಬ್ರಾಂಡ್ ಒಬ್ಬರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, ವೆಲ್ಲೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಶಸ್ತ್ರಚಿಕಿತ್ಸಕ. ಕುಷ್ಠರೋಗ ಬೆರಳುಗಳನ್ನು ತಿನ್ನುತ್ತದೆ ಅಂತ ಜನ ನಂಬಿದ್ದರು. ರೋಗ ಕೊಲ್ಲುವುದು ನರಗಳನ್ನು. ಬೆರಳು ಹೋಗುವುದು ನೋಯದ ಗಾಯಗಳಿಂದ ಅಂತ ಅವರು ಕಂಡುಕೊಂಡರು. ರಾತ್ರಿ ಇಲಿ ಕಚ್ಚಿದರೂ ರೋಗಿಗಳಿಗೆ ಎಚ್ಚರ ಆಗುತ್ತಿರಲಿಲ್ಲ. ಅದಕ್ಕೆ ಬೆಕ್ಕು ಸಾಕಿಸಿದರು!

ಮುಂದೆ ಅಮೆರಿಕದಲ್ಲಿ ಬ್ರಾಂಡ್ ಮತ್ತು ಜೊತೆಗಾರರು ಕೃತಕ ನೋವು ತಯಾರಿಸಲು ಹೊರಟರು. ಒತ್ತಡ ಅಳೆಯುವ ಸೆನ್ಸರ್ ಇರುವ ಕೈಗವಸು. ಒತ್ತಡ ಹೆಚ್ಚಾದರೆ ಕಿವಿಯಲ್ಲಿ ಸದ್ದು. ಸದ್ದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೊನೆಗೆ ಸ್ಪರ್ಶ ಉಳಿದಿದ್ದ ಕಂಕುಳಿಗೆ ವಿದ್ಯುತ್ ಶಾಕ್. ಆಗ ರೋಗಿಗಳು ಏನು ಮಾಡಿದರು ಗೊತ್ತಾ? ಮಾಡಬಾರದ ಕೆಲಸ ಮಾಡುವ ಮುಂಚೆ ಸ್ವಿಚ್ ಆಫ್ ಮಾಡಿದರು. ನನಗೆ ಇದು ಇಡೀ ವಿಷಯದ ತಿರುಳು ಅನ್ನಿಸುತ್ತದೆ. ಬೇಕಾದಾಗ ಆಫ್ ಮಾಡಬಹುದಾದ ನೋವು ಕೆಲಸಕ್ಕೆ ಬರುವುದಿಲ್ಲ. ನಮಗೆ ಅದರ ಮೇಲೆ ಸಿಟ್ಟು ಬರುವುದೂ ಅದು ಮಾತು ಕೇಳುವುದಿಲ್ಲ ಅಂತಲೇ.

ಹಾಗಂತ ವರ ಪಡೆದವರೆಲ್ಲ ಹಾಳಾದರು ಅನ್ನುವಂತೆಯೂ ಇಲ್ಲ. ಸ್ಕಾಟ್ಲೆಂಡಿನ ಜೋ ಕ್ಯಾಮರಾನ್ ಅವರ ಕಥೆ 2019ರಲ್ಲಿ ಪ್ರಕಟವಾಯಿತು. ಅವರ ಜೀನ್ ಬದಲಾವಣೆ ಬೇರೆ ಬಗೆಯದು. ಅರವತ್ತು ದಾಟಿದ ಮೇಲೆ ಕೈಯ ಶಸ್ತ್ರಚಿಕಿತ್ಸೆ ಆಯಿತು, ಅದರ ಬಳಿಕ ನೋವಿನ ಮಾತ್ರೆ ಬೇಕೇ ಆಗಲಿಲ್ಲ; ಅಲ್ಲಿಂದಲೇ ವಿಷಯ ಬಯಲಾಯಿತು. ಆತಂಕ ಕಡಿಮೆ, ಗಾಯ ಬೇಗ ಮಾಯುತ್ತದೆ. ಕೇಳಲು ಚೆಂದ. ಆದರೆ ಕೈ ಸುಟ್ಟದ್ದು ಎಷ್ಟೋ ಸಲ ಚರ್ಮ ಸುಟ್ಟ ವಾಸನೆ ಬಂದ ಮೇಲೆ ತಿಳಿಯುತ್ತಿತ್ತಂತೆ. ಪುಣ್ಯಕ್ಕೆ ಅವರಿಗೆ ಮೂಗು ಉಳಿದಿತ್ತು.

ಸಾವೇ ಬೇಡ ಅನ್ನುವ ವರದ ಬಗ್ಗೆ ಒಂದೇ ಮಾತು. ದೇಹದೊಳಗೆ ಅದನ್ನು ಅಕ್ಷರಶಃ ಪಡೆದದ್ದು ಕ್ಯಾನ್ಸರ್ ಜೀವಕೋಶ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ ತೆಗೆದ ಕೋಶಗಳು ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಆಕೆ ಅದೇ ವರ್ಷ ತೀರಿಕೊಂಡರು. ಇನ್ನು ನಮ್ಮ ಬೆರಳುಗಳು ಬಿಡಿಬಿಡಿಯಾಗಿ ಇರುವುದು ಬಸಿರಿನಲ್ಲಿ ಅವುಗಳ ನಡುವಿನ ಕೋಶಗಳು ಸರಿಯಾದ ಹೊತ್ತಿಗೆ ಸತ್ತದ್ದರಿಂದ.

ಔಷಧ ಕಂಪನಿಗಳೂ ಆ ಸೋಡಿಯಂ ಬಾಗಿಲ ಹಿಂದೆ ಬಿದ್ದು ವರ್ಷಗಳಾದವು. 2006ರ ಬಾಗಿಲನ್ನು ಮುಚ್ಚುವ ಮಾತ್ರೆಗಳು ರೋಗಿಗಳಲ್ಲಿ ನಿರಾಸೆ ತಂದವು. ಅದರ ಪಕ್ಕದ ಬಾಗಿಲನ್ನು ಮುಚ್ಚುವ ಸುಜೆಟ್ರಿಜಿನ್ ಅನ್ನುವ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವಯಸ್ಕರಲ್ಲಿ, ಶಸ್ತ್ರಚಿಕಿತ್ಸೆ ಆದಾಗ ಬರುವಂಥ ತಾತ್ಕಾಲಿಕ ತೀವ್ರ ನೋವಿಗೆ ಮಾತ್ರ. ಹೀಗೆ ಇಂಥ ನೋವು, ಇಷ್ಟು ದಿನ ಅಂತ ಬಿಡಿಸಿ ಕೇಳಿದರೆ ವೈದ್ಯರ ಕೈಯಲ್ಲೂ ಏನಾದರೂ ಮಾಡಲು ಆಗುತ್ತದೆ.

ಪಾದ ಮರಗಟ್ಟಿದವರಿಗೆ ಬೇಕಿರುವುದು ಇದರ ಉಲ್ಟಾ. ಕಳೆದುಹೋದ ನೋವನ್ನು ವಾಪಸ್ ತರಲು ನನ್ನ ಬಳಿ ಮಾತ್ರೆ ಇಲ್ಲ. ಆ ಕೆಲಸವನ್ನು ಕಣ್ಣಿಗೆ ವಹಿಸಬೇಕು. ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಮನೆಯವರಿಗೆ ತೋರಿಸಿ. ಶೂ ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ. ಬಿಸಿನೀರಿನ ಚೀಲ ಕಾಲಿಗೆ ಬೇಡವೇ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬೇಡಿ, ಬೆಳಿಗ್ಗೆಯೇ ಹೋಗಿ ಬನ್ನಿ.