ಬೂಟ್‌ಸ್ಟ್ರ್ಯಾಪಿಂಗ್ ಅಂದ್ರೆ ದುಡ್ಡಿಲ್ದೆ ಬಿಸಿನೆಸ್ ಮಾಡೋದಲ್ಲ

ಬೂಟ್‌ಸ್ಟ್ರ್ಯಾಪಿಂಗ್ ಅಂದ್ರೆ ಹೊರಗಿನ ಇನ್ವೆಸ್ಟರ್ ಹತ್ರ ಕೈ ಚಾಚದೆ, ಗಿರಾಕಿ ಕೊಟ್ಟ ದುಡ್ಡಲ್ಲೇ ವ್ಯಾಪಾರ ಬೆಳೆಸೋದು. ಅರ್ಥ ಇಷ್ಟೇ. ಆದ್ರೆ ಈ ಪದನ ಬಹಳ ಜನ ಬೇರೆ ಅರ್ಥದಲ್ಲಿ ಬಳಸ್ತಾರೆ, ಅದ್ರಿಂದ ದುಡ್ಡು ಕಳ್ಕೊಂಡೋರನ್ನೂ ನಾನು ನೋಡಿದೀನಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದೀನಿ.

ನನಗೆ ಗೊತ್ತಿರೋರೊಬ್ರು ಕೆಲ್ಸ ಬಿಟ್ರು, ಕೈಲಿ ಆರು ಲಕ್ಷ ಉಳಿತಾಯ ಇತ್ತು. ಮೊದ್ಲು ಲೋಗೋ ಮಾಡಿಸಿದ್ರು, ಆಮೇಲೆ ವೆಬ್‌ಸೈಟು, ಆಮೇಲೆ ಒಂದು ಚಿಕ್ಕ ಆಫೀಸಿಗೆ ಅಡ್ವಾನ್ಸು, ಎಲ್ಲಾ ರೆಡಿ ಆದ್ಮೇಲೆ ಗಿರಾಕಿ ಹುಡುಕೋಣ ಅಂತ. ಒಂಬತ್ತು ತಿಂಗಳಿಗೆ ದುಡ್ಡು ಮುಗೀತು, ಒಬ್ಬ ಗಿರಾಕಿಯಿಂದಾನೂ ಒಂದು ರೂಪಾಯಿ ಬಂದಿರಲಿಲ್ಲ. ಕೇಳಿದೋರಿಗೆಲ್ಲ "ನಂದು ಬೂಟ್‌ಸ್ಟ್ರ್ಯಾಪ್ಡ್" ಅಂತಿದ್ರು ಪಾಪ. ಅದು ಉಳಿತಾಯ ಖರ್ಚು ಮಾಡಿದ್ದು ಅಷ್ಟೇ. ಸ್ವಂತ ದುಡ್ಡು ಹಾಕಿದ ಮಾತ್ರಕ್ಕೆ ಬೂಟ್‌ಸ್ಟ್ರ್ಯಾಪಿಂಗ್ ಆಗಲ್ಲ, ಮುಂದಿನ ತಿಂಗಳ ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದ್ರಲ್ಲಿ ಇರೋದು ವಿಷ್ಯ. ಮಾರಾಟದಿಂದ ಬರ್ತಿದ್ರೆ ಮಾತ್ರ ಆ ಪದ ಒಪ್ಪುತ್ತೆ.

ಪದದ ಮೂಲ ಹೇಳ್ಬಿಡ್ತೀನಿ. ಉದ್ದ ಬೂಟಿನ ಮೇಲ್ತುದೀಲಿ ಒಂದು ಕುಣಿಕೆ ಥರ ಪಟ್ಟಿ ಇರುತ್ತೆ, ಬೆರಳು ತೂರಿಸಿ ಬೂಟನ್ನ ಕಾಲಿಗೆ ಎಳ್ಕೊಳ್ಳೋಕೆ, ಅದೇ ಬೂಟ್‌ಸ್ಟ್ರ್ಯಾಪ್. ಆ ಪಟ್ಟಿ ಹಿಡಿದು ತನ್ನನ್ನ ತಾನೇ ಮೇಲಕ್ಕೆತ್ಕೊಳ್ಳೋದು ಅನ್ನೋ ಮಾತು ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಬಂತು. ಶುರೂಲಿ ಅದನ್ನ ಆಗದ ಕೆಲಸಕ್ಕೆ ಹೇಳ್ತಿದ್ರು, 1834ರ ಒಂದು ಪತ್ರಿಕೇಲೇ ಆ ಅರ್ಥದಲ್ಲಿ ಸಿಗುತ್ತೆ. ಕ್ರಮೇಣ ಅರ್ಥ ತಿರುಗಿ, ಯಾರ ಸಹಾಯಾನೂ ಇಲ್ದೆ ಸ್ವಂತ ಬಲದಿಂದ ಮೇಲೆ ಬರೋದು ಅಂತಾಯ್ತು. ಕಂಪ್ಯೂಟರ್ 'ಬೂಟ್' ಆಗ್ತಿದೆ ಅಂತೀವಲ್ಲ, ಅದೂ ಇಲ್ಲಿಂದಾನೇ ಬಂದಿದ್ದು: ಆನ್ ಮಾಡಿದ ತಕ್ಷಣ ಒಂದು ಪುಟ್ಟ ಪ್ರೋಗ್ರಾಮ್ ಎದ್ದು, ಅದು ತನಗಿಂತ ದೊಡ್ಡದನ್ನ ಎಬ್ಬಿಸಿ, ಅದು ಪೂರ್ತಿ ಸಿಸ್ಟಮ್ಮನ್ನ ಎಬ್ಬಿಸುತ್ತೆ. ವ್ಯಾಪಾರದ ಅರ್ಥ ಹಿಡಿಯೋಕೆ ನನಗೆ ಬೂಟಿನ ಕಥೆಗಿಂತ ಈ ಕಂಪ್ಯೂಟರ್ ಕಥೇನೇ ಹೆಚ್ಚು ಸಹಾಯ ಮಾಡಿದ್ದು.

ಈಗ ಒಂದು ಉದಾಹರಣೆ ತಗೊಳ್ಳೋಣ. ಅರಸೀಕೆರೇಲಿ ಸವಿತಾ ಅಂತ ಒಬ್ರು ಇದಾರೆ ಅಂದ್ಕೊಳ್ಳಿ, ಟೈಲರಿಂಗ್ ಮಾಡ್ತಾರೆ, ಫೋನಲ್ಲಿ ಬ್ಲೌಸ್ ಕಟಿಂಗ್ ವಿಡಿಯೋ ಮಾಡಿ ಹಾಕ್ತಾರೆ, ಕನ್ನಡದಲ್ಲಿ ನಿಧಾನವಾಗಿ ಹೇಳ್ಕೊಡ್ತಾರೆ. ಕಾಮೆಂಟಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ, "ಅಕ್ಕಾ ಕಟೋರಿ ಬ್ಲೌಸಿಂದು ಪೇಪರ್ ಕಟಿಂಗ್ ಕೊಡ್ತೀರಾ". ಪೇಪರ್ ಕಟಿಂಗ್ ಅಂದ್ರೆ ಬಟ್ಟೆ ಮೇಲಿಟ್ಟು ಕತ್ತರಿಸೋಕೆ ಬಳಸೋ ಕಾಗದದ ಮಾದರಿ. ಸವಿತಾ 34, 36, 38 ಮೂರು ಅಳತೆದು ಪೇಪರ್ ಕಟಿಂಗ್ ಬಿಡಿಸಿ, ಎ4 ಹಾಳೇಲಿ ಪ್ರಿಂಟ್ ತೆಗೆದು ಅಂಟಿಸ್ಕೊಳ್ಳೋ ಹಾಗೆ ಪಿಡಿಎಫ್ ಮಾಡಿ 199 ರೂಪಾಯಿಗೆ ಇಡ್ತಾರೆ. ವೆಬ್‌ಸೈಟಿಲ್ಲ, ಆ್ಯಪಿಲ್ಲ. ಯುಪಿಐಗೆ ದುಡ್ಡು ಹಾಕಿ ವಾಟ್ಸ್‌ಆ್ಯಪಲ್ಲಿ ಸ್ಕ್ರೀನ್‌ಶಾಟ್ ಕಳ್ಸಿದೋರಿಗೆ ತಾವೇ ಕೂತು ಫೈಲ್ ಕಳಿಸ್ತಾರೆ. ಮೊದಲ ತಿಂಗಳು 23 ಹೋಯ್ತು ಅಂತಿಟ್ಕೊಳ್ಳಿ, 4,577 ರೂಪಾಯಿ.

ಎರಡನೇ ವಾರಕ್ಕೇ ನಾಲ್ಕು ಜನರಿಂದ ಕಂಪ್ಲೇಂಟ್ ಬರುತ್ತೆ, ಅಕ್ಕಾ ಬ್ಲೌಸ್ ಬಿಗಿ ಆಗ್ತಿದೆ ಅಂತ. ವಿಚಾರಿಸಿದ್ರೆ ಕಟಿಂಗಲ್ಲಿ ತಪ್ಪಿಲ್ಲ, ಜೆರಾಕ್ಸ್ ಅಂಗಡಿಯೋನು ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ಅಂತ ಕೊಟ್ಟಿದಾನೆ, ಹಾಳೆಗೆ ಹೊಂದಿಸೋಕೆ ಮೆಷಿನ್ನು ಚಿತ್ರಾನ ಚಿಕ್ಕದು ಮಾಡಿದೆ. ನೂರಕ್ಕೆ ಐದು ಕಮ್ಮಿ ಆದ್ರೂ ಸಾಕು, 36 ಇಂಚಿನ ಎದೆ ಸುತ್ತಳತೆ 34ರ ಹತ್ರ ಬಂದ್ಬಿಡುತ್ತೆ, ಬಟ್ಟೆ ಹಾಳು. ಸವಿತಾ ಆ ನಾಲ್ಕು ಜನಕ್ಕೆ ದುಡ್ಡು ವಾಪಸ್ ಕೊಟ್ಟು, ಪ್ರತಿ ಪುಟದ ಮೂಲೇಲೂ ಒಂದಿಂಚಿನ ಚೌಕ ಬಿಡಿಸಿ, "ಬಟ್ಟೆ ಕತ್ತರಿಸೋ ಮುಂಚೆ ಟೇಪ್ ಇಟ್ಟು ಈ ಚೌಕ ಅಳೀರಿ, ಒಂದಿಂಚು ಇಲ್ದಿದ್ರೆ ಮತ್ತೆ ಪ್ರಿಂಟ್ ತೆಗೀರಿ" ಅಂತ ಬರೀತಾರೆ. ಆಮೇಲೆ ಬಂದ ದುಡ್ಡಲ್ಲಿ ಮೂರು ಸಾವಿರ ಕೊಟ್ಟು ಡ್ರಾಯಿಂಗ್ ಸಾಫ್ಟ್‌ವೇರ್ ಗೊತ್ತಿರೋ ಕಾಲೇಜು ಹುಡುಗನ ಹತ್ರ ಎಲ್ಲಾ ಅಳತೇನೂ ನೀಟಾಗಿ ಮಾಡಿಸ್ತಾರೆ. ಅದರ ಲಾಭದಲ್ಲಿ ಒಂದು ಮೈಕು. ಮೈಕ್ ಬಂದ್ಮೇಲೆ ಶನಿವಾರ ಭಾನುವಾರ ಲೈವ್ ಕ್ಲಾಸು, 999 ರೂಪಾಯಿ, 15 ಜನ, 14,985. ಕೈಯಲ್ಲಿ ಫೈಲ್ ಕಳಿಸಿ ಸಾಕಾದ್ಮೇಲಷ್ಟೇ ಪೇಮೆಂಟ್ ಗೇಟ್‌ವೇ, ಅಂದ್ರೆ ಆನ್‌ಲೈನಲ್ಲಿ ತಾನಾಗೇ ದುಡ್ಡು ತಗೊಳ್ಳೋ ವ್ಯವಸ್ಥೆ, ಅದು ನೂರಕ್ಕೆ ಎರಡು ರೂಪಾಯಿ, ಅದರ ಮೇಲೆ ಜಿಎಸ್‌ಟಿ ಅಂತ ಹಿಡ್ಕೊಂಡ್ರೆ 199ಕ್ಕೆ ಹೆಚ್ಚುಕಮ್ಮಿ 4 ರೂಪಾಯಿ 70 ಪೈಸೆ ಹೋಗುತ್ತೆ, ಅದ್ರಿಂದ ಉಳಿಯೋ ಟೈಮಿಗೆ ಹೋಲಿಸಿದ್ರೆ ಅದೇನೂ ದೊಡ್ಡದಲ್ಲ.

ನೋಡಿ, ಇಲ್ಲಿ ಒಂದೊಂದು ಮೆಟ್ಟಿಲಿಗೂ ಅದರ ಹಿಂದಿನ ಮೆಟ್ಟಿಲು ದುಡ್ಡು ಕೊಟ್ಟಿದೆ. ಇದೇ ಸವಿತಾಗೆ ಯಾರೋ ಮೊದಲ ದಿನಾನೇ 20 ಲಕ್ಷ ಕೊಟ್ಟು ಬೇಗ ಬೆಳೆಸಿ ಅಂದಿದ್ರೆ ಏನಾಗ್ತಿತ್ತು? ಜಾಹೀರಾತು ಕೊಟ್ಟು ಎರಡು ಸಾವಿರ ಜನಕ್ಕೆ ಮಾರಿರೋರು, ಎಷ್ಟು ಮನೇಲಿ ಬ್ಲೌಸ್ ಬಿಗಿ ಆಗಿರೋದೋ ಲೆಕ್ಕ ಸಿಗ್ತಿರಲಿಲ್ಲ. ನಿಧಾನ ಅನ್ನೋದನ್ನ ಎಲ್ರೂ ಬೂಟ್‌ಸ್ಟ್ರ್ಯಾಪಿಂಗಿನ ಕೊರತೆ ಅಂತಾರೆ, ನನಗಂತೂ ಅದೇ ಅದರ ಶಕ್ತಿ ಅನ್ಸುತ್ತೆ, ತಪ್ಪು ನಾಲ್ಕು ಜನಕ್ಕೆ ಆಗಿರೋವಾಗ್ಲೇ ಗೊತ್ತಾಗಿ ತಿದ್ಕೊಂಡುಬಿಡಬಹುದು.

ನಿಜವಾದ ದೊಡ್ಡ ಉದಾಹರಣೆ ಬೇಕು ಅಂದ್ರೆ ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಜೆರೋಧಾ. ನಿತಿನ್ ಕಾಮತ್ ಮತ್ತೆ ಅವರ ತಮ್ಮ ನಿಖಿಲ್ ಕಾಮತ್ ಕಟ್ಟಿದ್ದು, 2010ರ ಆಗಸ್ಟ್ 15ಕ್ಕೆ ಶುರುವಾಗಿದ್ದು. ಹೆಸರಲ್ಲೇ ಜೀರೋ ಜೊತೆ 'ರೋಧ' ಇದೆ, ನಮ್ಮ ವಿರೋಧ, ಅವರೋಧ ಅನ್ನೋ ಪದಗಳಲ್ಲಿರೋ ಅದೇ ರೋಧ, ಅಂದ್ರೆ ಅಡ್ಡಿ ಇಲ್ಲದ್ದು ಅಂತ. ಆಗ ಬ್ರೋಕರ್‌ಗಳು ಸಾಮಾನ್ಯವಾಗಿ ವಹಿವಾಟಿನ ಮೊತ್ತದ ಮೇಲೆ ಶೇಕಡಾ ಲೆಕ್ಕದಲ್ಲಿ ಕಮಿಷನ್ ತಗೊಳ್ತಿದ್ರು, ಇವರು ಒಂದು ಆರ್ಡರಿಗೆ ಹೆಚ್ಚಂದ್ರೆ 20 ರೂಪಾಯಿ ಅಂದ್ರು. 2015ರ ಕೊನೇಲಿ ಷೇರು ಕೊಂಡು ಇಟ್ಕೊಳ್ಳೋರಿಗೆ ಬ್ರೋಕರೇಜನ್ನೇ ತೆಗೆದುಬಿಟ್ರು. ವೆಂಚರ್ ಕ್ಯಾಪಿಟಲ್, ಅಂದ್ರೆ ಕಂಪನೀಲಿ ಪಾಲು ತಗೊಂಡು ಹೂಡಿಕೆ ಮಾಡೋರ ದುಡ್ಡು, ತಗೊಳ್ಳಲೇ ಇಲ್ಲ, ಬಂದ ಲಾಭದಿಂದಲೇ ಬೆಳೆದು ದೇಶದ ಅತಿ ದೊಡ್ಡ ಬ್ರೋಕರ್‌ಗಳಲ್ಲಿ ಒಂದಾಯ್ತು. ಅದೇ ಊರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ದಾರೀನೇ ಬೇರೆ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಸ್ವಂತ ನಾಲ್ಕು ಲಕ್ಷ ಹಾಕಿ ಪುಸ್ತಕ ಮಾರೋಕೆ ಶುರು ಮಾಡಿದ್ರು, 2009ರಿಂದ ಹೊರಗಿನ ಹೂಡಿಕೆ ಬಂತು, 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ. 77ರಷ್ಟು ಪಾಲು ತಗೊಂಡಿತು. ಯಾವ್ದು ಸರಿ ಯಾವ್ದು ತಪ್ಪು ಅನ್ನೋ ಪ್ರಶ್ನೆ ಇಲ್ಲಿಲ್ಲ. ಗೋಡೌನು, ಸ್ಟಾಕು, ಡೆಲಿವರಿ ಎಲ್ಲಾ ದೇಶದ ತುಂಬ ಕಟ್ಟೋ ಕೆಲಸಕ್ಕೆ ಗಿರಾಕಿ ದುಡ್ಡು ಬರೋವರ್ಗೂ ಕಾಯೋಕಾಗಲ್ಲ. ಪಿಡಿಎಫ್, ಕೋರ್ಸು, ಚಿಕ್ಕ ಸಾಫ್ಟ್‌ವೇರು, ಇಂಥದ್ದಕ್ಕೆ ಕಾಯಬಹುದು, ಯಾಕಂದ್ರೆ ಒಂದ್ಸಲ ಮಾಡಿದ್ದನ್ನ ಎಷ್ಟು ಸಲ ಬೇಕಾದ್ರೂ ಮಾರಬಹುದು.

ಇನ್ನೊಂದು ದಾರಿ ಇದೆ, ಸರ್ವಿಸ್ ಮಾಡ್ತಾ ಪ್ರಾಡಕ್ಟ್ ಸಾಕೋದು. ಅಮೆರಿಕದ ಅಟ್ಲಾಂಟಾದ ಮೇಲ್‌ಚಿಂಪ್ ಹಾಗೇ ಆಗಿದ್ದು. ಬೇರೆಯವರಿಗೆ ವೆಬ್‌ಸೈಟ್ ಮಾಡ್ಕೊಟ್ಟು ಬದುಕ್ತಿದ್ದ ಸಣ್ಣ ಕಂಪನಿ, 2001ರಲ್ಲಿ ಪಕ್ಕದ ಕೆಲಸವಾಗಿ ಒಂದು ಇಮೇಲ್ ಕಳಿಸೋ ಟೂಲ್ ಮಾಡ್ತು, ಎಷ್ಟೋ ವರ್ಷ ವೆಬ್‌ಸೈಟ್ ಕೆಲಸದ ದುಡ್ಡೇ ಮನೆ ನಡೆಸ್ತು, 2007ರಲ್ಲಿ ಪೂರ್ತಿ ಟೂಲಿನ ಕಡೆ ತಿರುಗಿದ್ರು, 2021ರಲ್ಲಿ ಇಂಟ್ಯೂಟ್ ಕಂಪನಿ ಸುಮಾರು 1,200 ಕೋಟಿ ಡಾಲರಿಗೆ ಕೊಂಡ್ಕೊಳ್ತು. ಕೆಲಸದಲ್ಲಿರೋ ನಮ್ಮ ಹುಡುಗ ಹುಡುಗೀರಿಗೆ ಈ ದಾರಿ ಹೆಚ್ಚು ಹೊಂದುತ್ತೆ, ಸಂಬಳ ಅನ್ನೋದೇ ಇಲ್ಲಿ ಸರ್ವಿಸ್ ಇದ್ದ ಹಾಗೆ.

ಬೂಟ್‌ಸ್ಟ್ರ್ಯಾಪಿಂಗ್ ಪಕ್ಕದಲ್ಲೇ ಓಡಾಡೋ ನಾಲ್ಕು ಪದ ಹೇಳ್ಬಿಡ್ತೀನಿ. ರನ್‌ವೇ ಅಂದ್ರೆ ಕೈಲಿರೋ ದುಡ್ಡು ಎಷ್ಟು ತಿಂಗಳು ಬರುತ್ತೆ ಅನ್ನೋದು. ಎಂಆರ್‌ಆರ್ ಅಂದ್ರೆ ತಿಂಗಳು ತಿಂಗಳೂ ಖಾಯಂ ಬರೋ ಚಂದಾ ದುಡ್ಡು. ಚರ್ನ್ ಅಂದ್ರೆ ಬಿಟ್ಟು ಹೋಗೋ ಗಿರಾಕಿಗಳ ಲೆಕ್ಕ. ರಾಮೆನ್ ಪ್ರಾಫಿಟಬಲ್ ಅಂತ ಒಂದಿದೆ, ಅಗ್ಗದ ನೂಡಲ್ಸ್ ತಿಂದು ಬದುಕೋ ಅಷ್ಟು ಲಾಭ ಬರ್ತಿದೆ ಅಂತ ಅರ್ಥ, ನಾವು ಅನ್ನ ಸಾರಿನ ಲಾಭ ಅಂದ್ಕೊಂಡ್ರೆ ಸಾಕು.

ಕ್ರಿಯೇಟರ್‌ಗಳು ಗಮನಿಸಬೇಕಾದ್ದು ಒಂದು ಇದೆ. ಯೂಟ್ಯೂಬ್ ಜಾಹೀರಾತಿನ ದುಡ್ಡು ಬರ್ತಿದೆ, ಹಾಗಾದ್ರೆ ನಾನು ಬೂಟ್‌ಸ್ಟ್ರ್ಯಾಪ್ಡ್ ಅಲ್ವಾ ಅಂತ ಕೇಳ್ತಾರೆ. ಇನ್ವೆಸ್ಟರ್ ಇಲ್ಲ ನಿಜ, ಆದ್ರೆ ಅಲ್ಲಿ ದುಡ್ಡು ಕೊಡ್ತಿರೋದು ನಿಮ್ಮ ಗಿರಾಕಿ ಅಲ್ಲ. ಉದ್ದ ವಿಡಿಯೋದ ಜಾಹೀರಾತಲ್ಲಿ ನಿಮಗೆ ಬರೋದು ಶೇ. 55, ಉಳಿದಿದ್ದು ಅವರಿಗೆ, ಗೇಣಿ ಹೊಲ ಮಾಡಿದ ಹಾಗೆ, ನಿಯಮ ಬದಲಾಯಿಸೋದು ಹೊಲದ ಒಡೆಯನೇ. 2018ರ ಶುರೂಲಿ 1,000 ಸಬ್‌ಸ್ಕ್ರೈಬರ್ ಮತ್ತೆ ವರ್ಷಕ್ಕೆ 4,000 ಗಂಟೆ ನೋಡಿರಬೇಕು ಅನ್ನೋ ನಿಯಮ ಬಂದಾಗ ಎಷ್ಟೋ ಚಿಕ್ಕ ಚಾನೆಲ್‌ಗಳ ಆದಾಯ ನಿಂತೋಯ್ತು. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ನಿಷೇಧ ಮಾಡ್ತು, ನಮ್ಮ ಹಳ್ಳಿಗಳ ಕಡೆ ಅಲ್ಲೇ ಹೆಸರು ಮಾಡಿದೋರು ಎಷ್ಟು ಜನ ಇದ್ರು, ಲಕ್ಷಾಂತರ ಫಾಲೋವರ್ಸ್ ಇದ್ರೂ ಒಬ್ಬರ ಫೋನ್ ನಂಬರೂ ಕೈಲಿರಲಿಲ್ಲ. ಅದಕ್ಕೇ ಸವಿತಾ ಹತ್ರ ಇರೋ ಆ 23 ವಾಟ್ಸ್‌ಆ್ಯಪ್ ನಂಬರಿಗೆ ನಾನು ಬಹಳ ಬೆಲೆ ಕೊಡ್ತೀನಿ. ಕೆವಿನ್ ಕೆಲ್ಲಿ ಅನ್ನೋ ಅಮೆರಿಕದ ಲೇಖಕರು 2008ರಲ್ಲಿ ಒಂದು ಲೆಕ್ಕ ಹೇಳಿದ್ರು, ವರ್ಷಕ್ಕೆ 100 ಡಾಲರ್ ಕೊಡೋ 1,000 ನಿಜವಾದ ಅಭಿಮಾನಿಗಳಿದ್ರೆ ಒಬ್ಬ ಕಲಾವಿದನ ಜೀವನ ನಡೆಯುತ್ತೆ ಅಂತ. ನಮ್ಮಲ್ಲಿ ಅಷ್ಟು ಬೆಲೆ ಇಡೋಕಾಗಲ್ಲ, ವರ್ಷಕ್ಕೆ 500 ರೂಪಾಯಿ ಕೊಡೋರು 1,000 ಜನ ಅಂದ್ರೂ ಐದು ಲಕ್ಷ ಆಯ್ತಲ್ಲ, ತಾಲೂಕು ಊರಲ್ಲಿ ಅದು ಒಂದು ಸಂಸಾರ ನಡೆಸುತ್ತೆ.

ಸಾಲ ತಗೊಂಡ್ರೆ ಬೂಟ್‌ಸ್ಟ್ರ್ಯಾಪಿಂಗ್ ಆಗುತ್ತಾ? ಇದ್ರಲ್ಲಿ ಎರಡು ಮಾತಿದೆ. ಸಾಲ ಕೊಟ್ಟೋರು ಕಂಪನೀಲಿ ಪಾಲು ಕೇಳಲ್ಲ, ಆ ಲೆಕ್ಕದಲ್ಲಿ ಆಗುತ್ತೆ. ಆದ್ರೆ ಗಿರಾಕಿ ಬರಲಿ ಬಿಡಲಿ ಕಂತು ಕಟ್ಟಲೇಬೇಕು. ಮುದ್ರಾ ಸಾಲ ತಗೊಂಡು ಹೊಲಿಗೆ ಮೆಷಿನ್ ಕೊಂಡ್ರೆ ನಾನು ಒಪ್ತೀನಿ, ಮೆಷಿನ್ನು ನಾಳೆ ಬೆಳಿಗ್ಗೇನೇ ದುಡಿಯುತ್ತೆ. ಸಾಲ ಮಾಡಿ ಫೇಸ್‌ಬುಕ್ ಜಾಹೀರಾತು ಕೊಡೋದನ್ನ ಮಾತ್ರ ದಯವಿಟ್ಟು ಮಾಡ್ಬೇಡಿ. ಇನ್ನೊಂದು ಮಾತನ್ನೂ ಮುಚ್ಚಿಡಬಾರ್ದು, ಬೂಟ್‌ಸ್ಟ್ರ್ಯಾಪ್ ಮಾಡಿ ಗೆದ್ದೋರ ಹಿಂದೆ ಎಷ್ಟೋ ಸಲ ಗಂಡನ ಅಥವಾ ಹೆಂಡತಿಯ ಸಂಬಳ, ಅಪ್ಪನ ಸ್ವಂತ ಮನೆ, ಮಗು ನೋಡ್ಕೊಳ್ಳೋ ಅಮ್ಮ ಇರ್ತಾರೆ, ಅವರ ಹೆಸರು ಇಂಟರ್‌ವ್ಯೂಲಿ ಬರಲ್ಲ. ಸ್ವಂತ ಬಲ ಅನ್ನೋ ಮಾತು ಕೇಳಿ ಅಂಥ ಆಸರೆ ಇಲ್ದೋರು ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ರೆ ತುಂಬ ಕಷ್ಟ ಆಗುತ್ತೆ. ಬಾಡಿಗೆ, ಊಟ, ಸ್ಕೂಲ್ ಫೀಸು ಮಾರಾಟದ ದುಡ್ಡಲ್ಲಿ ಆರು ತಿಂಗಳು ನಡೆದ ಮೇಲೆ ಕೆಲಸ ಬಿಡೋ ಯೋಚನೆ ಮಾಡಿ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ಸ್ವಬಂಡವಾಳ ಅಂದ್ರೆ ನನಗೆ ಒಪ್ಪಿಗೆ ಆಗಲ್ಲ, ಮೊದಲೇ ಹೇಳಿದ್ನಲ್ಲ, ಬಂಡವಾಳ ಗಿರಾಕಿದು. ನನಗೆ ನೆನಪಾಗೋದು ಅಜ್ಜಿ ಮನೆ ರಾಗಿ. ಕಣದಲ್ಲಿ ರಾಶಿ ಆದ ಕೂಡ್ಲೇ ಒಳ್ಳೇ ತೆನೆದು ಬೇರೆ ತೆಗೆದು ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪಿಟ್ಟು ಮಡಕೇಲಿ ತುಂಬಿ ಬಾಯಿ ಕಟ್ಟೋರು. ಬೇಸಿಗೇಲಿ ಮನೇಲಿ ಹಿಟ್ಟು ಕಮ್ಮಿ ಆದ್ರೂ ಆ ಮಡಕೆ ಮುಟ್ಟೋಕೆ ಬಿಡ್ತಿರಲಿಲ್ಲ, "ಅದು ಉಣ್ಣೋ ರಾಗಿ ಅಲ್ಲ ಕಣೋ, ಬಿತ್ತೋದು" ಅನ್ನೋರು. ಸ್ಟಾರ್ಟಪ್‌ನೋರು ಸೀಡ್ ಫಂಡಿಂಗ್ ಅಂತಾರಲ್ಲ, ಆ ಬೀಜ ಬೇರೆಯವರ ಮನೆಯಿಂದ ಬರುತ್ತೆ, ಬೆಳೇಲಿ ಅವರಿಗೂ ಪಾಲಿರುತ್ತೆ. ಇದು ಹೋದ ಬೆಳೇಲೇ ಎತ್ತಿಟ್ಟಿದ್ದು. ಮನೆ ಬೀಜದ ವ್ಯಾಪಾರ ಅಂತ ನಾನು ಹೇಳ್ತೀನಿ, ಇದಕ್ಕಿಂತ ಒಳ್ಳೇ ಪದ ನಿಮ್ಮ ಕಡೆ ಇದ್ರೆ ತಿಳಿಸಿ.