ಕಬ್ಬಿನ ರೋಲರ್ ಕಂಪ್ಯೂಟರಿನೊಳಗೆ ಜಾರುವುದೇಕೆ?

ಸಕ್ಕರೆ ಕಾರ್ಖಾನೆಯ ಗಿರಣಿಯಲ್ಲಿ ಕಬ್ಬಿನ ರಸ ಹಿಂಡುವುದು ಮೂರು ರೋಲರ್‌ಗಳ ಜೋಡಣೆ. ಕೆಳಗೆ ಎರಡು, ಮೇಲೆ ಒಂದು. ಮೇಲಿನದನ್ನು ಹೈಡ್ರಾಲಿಕ್ ಒತ್ತಡ ಅದುಮಿ ಹಿಡಿದಿರುತ್ತದೆ. ಪ್ರತಿ ರೋಲರಿನ ಒಳಗೆ ಉಕ್ಕಿನ ಶಾಫ್ಟ್, ಅದರ ಮೇಲೆ ಹಲ್ಲು ಕೊರೆದ ಎರಕದ ಕಬ್ಬಿಣದ ದಪ್ಪ ಷೆಲ್. ಸಾಮಾನ್ಯವಾಗಿ ಇವೆರಡನ್ನೂ ಸೇರಿಸಿ ಹಿಡಿದಿರುವುದು ಬೋಲ್ಟ್ ಅಲ್ಲ, ಬೆಸುಗೆಯೂ ಅಲ್ಲ. ಷೆಲ್ಲಿನ ರಂಧ್ರವನ್ನು ಶಾಫ್ಟಿಗಿಂತ ತುಸು ಚಿಕ್ಕದಾಗಿ ಕೊರೆದು, ಕಾಯಿಸಿ ಹಿಗ್ಗಿಸಿ ತೊಡಿಸುತ್ತಾರೆ. ತಣಿದಾಗ ಅದು ಶಾಫ್ಟನ್ನು ಕಚ್ಚಿಕೊಳ್ಳುತ್ತದೆ. ಮಂಡ್ಯದ ಕಡೆ ಕಬ್ಬು ಸಾಗಿಸುತ್ತಿದ್ದ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದುದೂ ಹೀಗೆಯೇ.

ಈ ಕಚ್ಚುವಿಕೆ ಸಾಕೇ, ಹೆಚ್ಚಾಯಿತೇ ಎಂದು ಲೆಕ್ಕ ಹಾಕುವ ಕೆಲಸ ಈಗ ಕಂಪ್ಯೂಟರಿನದು. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಇಂಥ ರೋಲರನ್ನೇ ಪ್ರಾಜೆಕ್ಟಿಗೆ ಎತ್ತಿಕೊಂಡ ಎನ್ನಿ. ಚಿತ್ರ ಬರೆದು, ಅದನ್ನು ಸಾವಿರಾರು ಪುಟ್ಟ ತುಂಡುಗಳ ಜಾಲವಾಗಿ ಒಡೆದು, ಬಲ ಹಾಕಿ, ಗುಂಡಿ ಒತ್ತುತ್ತಾನೆ. ತಂತ್ರಾಂಶ ಸ್ವಲ್ಪ ಹೊತ್ತು ಯೋಚಿಸಿ, ಉತ್ತರ ಸಿಗಲಿಲ್ಲ ಎಂದು ಕೈ ಚೆಲ್ಲುತ್ತದೆ. ಇಲ್ಲವೇ ಷೆಲ್ ಶಾಫ್ಟಿನ ಮೈಯೊಳಗೆ ತೂರಿಕೊಂಡಿರುವ ಚಿತ್ರ ತೋರಿಸುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದರ ಮೇಲೆ ಅಂದವಾಗಿ ಬಣ್ಣ ಬಳಿದಿರುತ್ತದೆ.

ಒಂದು ವಸ್ತು ಇರುವ ಜಾಗದಲ್ಲಿ ಇನ್ನೊಂದು ಇರಲಾರದು ಎಂಬುದು ಕೂಸಿಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಯಾವ ಮೈ ಯಾವ ಮೈಯನ್ನು ತಾಗಬಹುದು ಎಂದು ನಾವೇ ಹೇಳಿಕೊಡಬೇಕು. ಹೇಳಿಕೊಟ್ಟರೂ ಕಷ್ಟ ಮುಗಿಯುವುದಿಲ್ಲ. ಎಲ್ಲಿ ತಾಗಿದೆ ಎಂದು ತಿಳಿದರೆ ಬಲವನ್ನು ಲೆಕ್ಕ ಹಾಕಬಹುದು, ಬಲ ತಿಳಿದರೆ ಎಲ್ಲಿ ತಾಗಿದೆ ಎಂದು ಹೇಳಬಹುದು. ಮೊದಲಿಗೆ ಎರಡೂ ತಿಳಿದಿರುವುದಿಲ್ಲ. ಜರ್ಮನಿಯ ಹೈನ್ರಿಕ್ ಹರ್ಟ್ಸ್ 1880ರ ದಶಕದ ಆರಂಭದಲ್ಲೇ ಗೋಳ, ಉರುಳೆಗಳಂಥ ಸರಳ ಆಕಾರಗಳಿಗೆ ಉತ್ತರ ಕಂಡುಕೊಂಡಿದ್ದ. ಯಾವುದೇ ಆಕಾರಕ್ಕೆ ಅನ್ವಯವಾಗುವ ಪ್ರಶ್ನೆಯನ್ನು ಇಟಲಿಯ ಆಂಟೋನಿಯೊ ಸಿನ್ಯೋರಿನಿ ಎತ್ತಿದ್ದು 1933ರಲ್ಲಿ, ಅಂದರೆ ಮಂಡ್ಯದ ಮೈಷುಗರ್ ಸ್ಥಾಪನೆಯಾದ ವರ್ಷವೇ. ಅದಕ್ಕೆ ಉತ್ತರ ಇದ್ದೇ ಇದೆ, ಒಂದೇ ಇದೆ ಎಂದು ಗೇಟಾನೊ ಫಿಕೆರಾ ಸಾಧಿಸಲು 1963 ಬರಬೇಕಾಯಿತು. ಆದ್ದರಿಂದ ಮೂರನೆಯ ವರ್ಷದ ವಿದ್ಯಾರ್ಥಿಗೆ ಒಂದು ಸಂಜೆಯಲ್ಲಿ ಸಿಗದಿದ್ದರೆ ನಾಚಿಕೆಪಡಬೇಕಿಲ್ಲ.

ತಂತ್ರಾಂಶ ಕೈ ಚೆಲ್ಲಿದ ಕೂಡಲೇ ಹೆಚ್ಚಿನವರು ಸೆಟ್ಟಿಂಗ್‌ಗಳ ಮೇಲೆ ಬೀಳುತ್ತಾರೆ. ಬಲವನ್ನು ಒಮ್ಮೆಲೇ ಹಾಕದೆ ಹಂತಹಂತವಾಗಿ ಏರಿಸುವ ಹೆಜ್ಜೆಯ ಗಾತ್ರ ಕಡಿಮೆ ಮಾಡುವುದು, ಒಪ್ಪಬಹುದಾದ ತಪ್ಪಿನ ಮಿತಿಯನ್ನು ಸಡಿಲಿಸುವುದು ಇತ್ಯಾದಿ. ಮಿತಿ ಸಡಿಲಿಸಿ ಉತ್ತರ ಪಡೆಯುವುದು ಪರೀಕ್ಷೆಯ ಪಾಸು ಅಂಕವನ್ನು ಇಳಿಸಿ ಪಾಸಾಗುವುದಕ್ಕಿಂತ ಮೇಲಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಭಾಗವನ್ನು ಹಿಡಿದಿರುವುದು ಯಾವುದು?

ಷೆಲ್ಲನ್ನೇ ನೋಡಿ. ಕಂಪ್ಯೂಟರಿನಲ್ಲಿ ಅದಕ್ಕೂ ಶಾಫ್ಟಿಗೂ ನಡುವೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆರಪು ಉಳಿದಿದ್ದರೂ ಸಾಕು, ಅದು ಅಂತರದಲ್ಲಿ ತೇಲುತ್ತಿದೆ. ಬಲ ಹಾಕಿದೊಡನೆ ತಡೆಯುವವರಿಲ್ಲದೆ ಹಾರಿಹೋಗುತ್ತದೆ. ತೆರಪು ಇಲ್ಲದಂತೆ ಸರಿಪಡಿಸಿದರೂ, ಘರ್ಷಣೆಯನ್ನು ಸೊನ್ನೆ ಎಂದು ಕೊಟ್ಟಿದ್ದರೆ ಷೆಲ್ ಶಾಫ್ಟಿನ ಸುತ್ತ ಗಿರಗಿರನೆ ತಿರುಗಲು ಅಡ್ಡಿಯಿಲ್ಲ. ಮೊದಲ ಪ್ರಯತ್ನದಲ್ಲಿ ಘರ್ಷಣೆಯನ್ನು ಬಿಟ್ಟುಬಿಡಿ ಎಂದು ಅನುಭವಿಗಳು ಹೇಳುವುದುಂಟು. ಬೇರೆ ಕಡೆ ಒಳ್ಳೆಯ ಸಲಹೆಯೇ. ರೋಲರಿಗೆ ಮಾತ್ರ ಒಗ್ಗದು. ಇಲ್ಲಿ ಶಾಫ್ಟಿನ ತಿರುಚು ಬಲವನ್ನು ಷೆಲ್ಲಿಗೆ ದಾಟಿಸುವುದೇ ಘರ್ಷಣೆ.

ಯಾವ ಭಾಗ ಸಡಿಲವಾಗಿದೆ ಎಂದು ಪತ್ತೆ ಮಾಡಲು ಒಂದು ಹಳೆಯ ಉಪಾಯವಿದೆ. ಎಲ್ಲ ಸಂಪರ್ಕಗಳನ್ನೂ ಅಂಟು ಹಾಕಿದಂತೆ ಕಟ್ಟಿಬಿಡಿ. ಆಗಲೂ ಲೆಕ್ಕ ಮುರಿದರೆ ದೋಷ ಸಂಪರ್ಕದ್ದಲ್ಲ. ಆಧಾರ ಕೊಟ್ಟ ರೀತಿಯಲ್ಲೋ, ಮಿಲಿಮೀಟರ್ ಮತ್ತು ಮೀಟರ್ ಬೆರೆಸಿದ್ದರಲ್ಲೋ ಇದೆ. ಲೆಕ್ಕ ನಡೆದರೆ ಒಂದೊಂದೇ ಕಟ್ಟು ಬಿಚ್ಚುತ್ತ ಬನ್ನಿ. ಯಾವುದನ್ನು ಬಿಚ್ಚಿದಾಗ ಕೆಡುತ್ತದೋ ಅದೇ ಕಳ್ಳ. ಸಹಜ ಕಂಪನಗಳ ಲೆಕ್ಕ ಹಾಕಿಸಿದರೂ ಆದೀತು. ಕಂಪನಾಂಕ ಸೊನ್ನೆ ಬಂದ ಕಡೆ ಏನೋ ಒಂದು ಹಿಡಿತವಿಲ್ಲದೆ ಅಲೆಯುತ್ತಿದೆ, ಯಾವುದು ಎಂಬುದನ್ನು ಅದರ ಚಲನಚಿತ್ರವೇ ತೋರಿಸಿಬಿಡುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮ. ಶಾಫ್ಟಿನ ವ್ಯಾಸ 400 ಮಿಲಿಮೀಟರ್ ಇರಲಿ. ಬಿಗಿತಕ್ಕಾಗಿ ರಂಧ್ರವನ್ನು ವ್ಯಾಸದ ಸಾವಿರದಲ್ಲಿ ಒಂದು ಪಾಲಿನಷ್ಟು ಚಿಕ್ಕದು ಮಾಡೋಣ: ವ್ಯಾಸದಲ್ಲಿ 0.4, ತ್ರಿಜ್ಯದಲ್ಲಿ 0.2 ಮಿಲಿಮೀಟರ್. ಈಗ ಹುಡುಗ ವೃತ್ತವನ್ನು 72 ತುಂಡು ಮಾಡಿದ್ದಾನೆ. ನೋಡಲು ದುಂಡಗಿದೆ, ಆದರೆ ಕಂಪ್ಯೂಟರಿನ ಪಾಲಿಗೆ ಅದು 72 ನೇರ ಅಂಚುಗಳ ಬಹುಭುಜ. ಪ್ರತಿ ಅಂಚಿನ ನಡುಭಾಗ ನಿಜವಾದ ವೃತ್ತಕ್ಕಿಂತ 0.19 ಮಿಲಿಮೀಟರ್ ಒಳಗಿರುತ್ತದೆ. ನಾವು ಅಳೆಯಹೊರಟಿದ್ದ ಬಿಗಿತವೇ 0.2! ಶಾಫ್ಟಿನ ಮೂಲೆಗಳು ಷೆಲ್ಲಿನ ಅಂಚುಗಳ ನಡುವಿಗೆ ಎದುರಾಗಿ ಕುಳಿತರೆ ಅಲ್ಲಿ ಬಿಗಿತ 0.39 ಆಗುತ್ತದೆ, ಅರ್ಧ ಅಂಚು ಆಚೆ ಹೋದರೆ ಬರೀ 0.01. ಬಣ್ಣದ ಚಿತ್ರದಲ್ಲಿ ಕೆಂಪು, ನೀಲಿ ಮಚ್ಚೆಗಳು ಸರದಿಯಂತೆ ಮೂಡುತ್ತವೆ, ಅವನ್ನು ಕಂಡು ಎರಕದ ದೋಷವೇನೋ ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ತುಂಡುಗಳನ್ನು 144 ಮಾಡಿದರೆ ಈ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ಎರಡೂ ಜಾಲಗಳ ಮೂಲೆಗಳನ್ನು ಎದುರುಬದುರು ಕೂರಿಸಿದರೆ, ಇಲ್ಲವೇ ಬಾಗಿದ ಅಂಚಿನ ತುಂಡುಗಳನ್ನು ಬಳಸಿದರೆ ಇನ್ನೂ ಒಳ್ಳೆಯದು.

ತೂರಿಕೆಯ ವಿಚಾರಕ್ಕೆ ಬಂದರೆ, ಬಹುತೇಕ ತಂತ್ರಾಂಶಗಳು ಎರಡು ಮೈಗಳ ನಡುವೆ ಕಾಲ್ಪನಿಕ ಸ್ಪ್ರಿಂಗ್‌ಗಳನ್ನು ಇಟ್ಟುಕೊಳ್ಳುತ್ತವೆ. ಒಂದು ಮೈ ಇನ್ನೊಂದರೊಳಗೆ ನುಗ್ಗಿದಷ್ಟೂ ಸ್ಪ್ರಿಂಗ್ ಹೊರದಬ್ಬುತ್ತದೆ. ಅಂದರೆ ಚೂರಾದರೂ ನುಗ್ಗದೆ ಬಲ ಹುಟ್ಟುವುದೇ ಇಲ್ಲ. ಸ್ಪ್ರಿಂಗ್ ಮೆದುವಾದರೆ ತೂರಿಕೆ ಕಣ್ಣಿಗೆ ಕಾಣುವಷ್ಟಾಗುತ್ತದೆ. ಅತಿ ಗಡುಸಾದರೆ ಒಂದು ಸುತ್ತಿನ ಲೆಕ್ಕದಲ್ಲಿ ತಾಗಿದ ಬಿಂದು ಮುಂದಿನ ಸುತ್ತಿನಲ್ಲಿ ಪುಟಿದು ಬಿಡಿಸಿಕೊಂಡು, ಮತ್ತೆ ತಾಗಿ, ಮತ್ತೆ ಬಿಟ್ಟು, ಲೆಕ್ಕ ಒಂದೆಡೆ ನಿಲ್ಲುವುದೇ ಇಲ್ಲ. ಎಷ್ಟು ತೂರಿಕೆ ಸಹ್ಯ ಎಂಬುದಕ್ಕೆ ಎಲ್ಲಕ್ಕೂ ಹೊಂದುವ ಅಂಕಿಯಿಲ್ಲ. ನಮ್ಮ ಬಿಗಿತ 0.2 ಮಿಲಿಮೀಟರ್ ಆಗಿರುವಾಗ 0.05 ತೂರಿಕೆ ಎಂದರೆ ಕಾಲುಭಾಗ ಬಿಗಿತ ಕದ್ದುಹೋದಂತೆ. 0.001 ಆದರೆ ಚಿಂತೆಯಿಲ್ಲ.

ಕೊನೆಗೂ ಉತ್ತರ ಬಂದಿತು ಎನ್ನೋಣ. ಆಧಾರಗಳಲ್ಲಿ ಹುಟ್ಟಿದ ಪ್ರತಿಬಲಗಳನ್ನು ಕೂಡಿಸಿದರೆ ನಾವು ಹಾಕಿದ ಬಲಕ್ಕೆ ಸಮವಾಗಬೇಕು. ಆಮೇಲೆ ಪೆನ್ನು ಹಿಡಿಯಬೇಕು. ದಪ್ಪ ಗೋಡೆಯ ಉರುಳೆಗಳ ಸೂತ್ರವನ್ನು ಫ್ರೆಂಚ್ ಗಣಿತಜ್ಞ ಲಾಮೆ 19ನೆಯ ಶತಮಾನದಲ್ಲೇ ಕೊಟ್ಟಿದ್ದಾನೆ. ಷೆಲ್ಲಿನ ಹೊರವ್ಯಾಸ 800 ಮಿಲಿಮೀಟರ್ ಎಂದು ಹಿಡಿದರೆ, ಉಕ್ಕು ಮತ್ತು ಎರಕದ ಕಬ್ಬಿಣದ ಸಾಮಾನ್ಯ ಗುಣಗಳಿಗೆ ಶಾಫ್ಟಿನ ಮೇಲಿನ ಒತ್ತಡ ಸುಮಾರು 48 ಮೆಗಾಪಾಸ್ಕಲ್ ಬರುತ್ತದೆ. ಷೆಲ್ಲಿನ ಅಂಚುಗಳಿಂದ ದೂರ, ನಡುಭಾಗದಲ್ಲಿ ಕಂಪ್ಯೂಟರ್ ಇದರ ಆಸುಪಾಸಿನ ಅಂಕಿ ಹೇಳದಿದ್ದರೆ ಅದರ ಚಿತ್ರವನ್ನು ವರದಿಗೆ ಅಂಟಿಸಬಾರದು. ಅದೇ ಸೂತ್ರ ರಂಧ್ರದ ಒಳಮೈಯಲ್ಲಿ ಸುತ್ತಲೂ ಸುಮಾರು 80 ಮೆಗಾಪಾಸ್ಕಲ್ ಎಳೆತವಿದೆ ಎಂದೂ ಹೇಳುತ್ತದೆ. ಎರಕದ ಕಬ್ಬಿಣ ಅದುಮಿದರೆ ಗಟ್ಟಿ, ಎಳೆದರೆ ಬಿರುಕು ಬಿಡುವ ಲೋಹ. ಕಬ್ಬಿನ ಹೊರೆ ಇನ್ನೂ ಬಿದ್ದೇ ಇಲ್ಲ.