ನಾಯಿಗೆ ಹಾಕುವ ಪುಡಿ ಮಿದುಳು ಮುಟ್ಟುತ್ತದೆಯೇ?

ಮುಧೋಳ ಕಡೆಯ ಒಬ್ಬರು ಮೊನ್ನೆ ತಮ್ಮ ಬೇಟೆನಾಯಿಯ ಜೊತೆಗೆ ಒಂದು ಡಬ್ಬಿಯನ್ನೂ ತಂದಿದ್ದರು. "ಸಾಹೇಬ್ರ, ಬಂದವರ ಮ್ಯಾಲೆಲ್ಲಾ ಏರಿ ಹೋಗತೈತ್ರಿ. ಈ ಪುಡಿ ಹಾಕಿದ್ರ ಶಾಂತ ಆಗತೈತಂತಲ್ರಿ?"

ಡಬ್ಬಿಯಲ್ಲಿದ್ದದ್ದು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು. ಮನಸ್ಸಿನ ಸ್ಥಿತಿಯ ಮೇಲೆ ಪ್ರಭಾವ ಬೀರುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮಿದುಳು ತಯಾರಿಸುವುದು ಇದರಿಂದಲೇ. ರಕ್ತದಲ್ಲಿರುವ ಸೆರೊಟೋನಿನ್ ಮಿದುಳಿನೊಳಗೆ ಹೋಗಲಾರದು. ಕಚ್ಚಾಮಾಲು ಒಳಗೆ ಹೋಗಿ ಅಲ್ಲೇ ಸಿದ್ಧವಾಗಬೇಕು. 1971ರಲ್ಲಿ ಫರ್ನ್‌ಸ್ಟ್ರಾಮ್ ಮತ್ತು ವರ್ಟ್‌ಮನ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಅಲ್ಪ ಪ್ರಮಾಣದ ಟ್ರಿಪ್ಟೊಫ್ಯಾನ್ ಚುಚ್ಚಿದಾಗ ಒಂದೇ ಗಂಟೆಯಲ್ಲಿ ಮಿದುಳಿನ ಸೆರೊಟೋನಿನ್ ಏರಿತ್ತು.

ಆದರೆ ಮಿದುಳಿನ ಬಾಗಿಲು ಇಕ್ಕಟ್ಟು. ಲ್ಯೂಸಿನ್, ವ್ಯಾಲಿನ್, ಟೈರೊಸಿನ್ ಮುಂತಾದ ಬೇರೆ ಅಮೈನೊ ಆಮ್ಲಗಳೂ ಅದೇ ಬಾಗಿಲಿಗೆ ನುಗ್ಗುತ್ತವೆ, ಯಲ್ಲಮ್ಮನ ಜಾತ್ರೆಯ ಬಸ್ಸಿಗೆ ಜನ ಮುಗಿಬಿದ್ದ ಹಾಗೆ. ಮಾಂಸ, ಮೊಟ್ಟೆಗಳಲ್ಲಿ ಅವೇ ಹೆಚ್ಚು, ಟ್ರಿಪ್ಟೊಫ್ಯಾನ್ ಕಡಿಮೆ. ಮಾಂಸದಲ್ಲಿ ಕಲಸಿ ಕೊಟ್ಟ ಪುಡಿ ಹೊರಗೇ ಉಳಿಯುವುದು ಹೆಚ್ಚು. ರೊಟ್ಟಿ, ಅನ್ನ ತಿಂದಾಗ ಇನ್ಸುಲಿನ್ ಏರಿ ಆ ಪೈಪೋಟಿಗಾರರನ್ನು ಸ್ನಾಯುಗಳತ್ತ ಕಳಿಸುತ್ತದೆ, ಟ್ರಿಪ್ಟೊಫ್ಯಾನ್‌ಗೆ ದಾರಿ ಬಿಡುವಾಗುತ್ತದೆ. ಹಾಗಂತ ಬರೀ ಗೋವಿನಜೋಳದ ನುಚ್ಚಿನ ಮೇಲೆ ನಾಯಿ ಸಾಕಿದರೂ ಆಗದು. ಗೋವಿನಜೋಳದಲ್ಲಿ ಟ್ರಿಪ್ಟೊಫ್ಯಾನೇ ಕೊರತೆ. ದಾರಿ ಇದ್ದರೂ ಹೋಗುವವರಿರುವುದಿಲ್ಲ.

ಇನ್ನು ಮಿದುಳಿಗೆ ಮುಟ್ಟಿದ ಮಾತ್ರಕ್ಕೆ ಸ್ವಭಾವ ಬದಲಾಗುತ್ತದೆಯೇ? 2000ರಲ್ಲಿ ಪ್ರಕಟವಾದ 33 ನಾಯಿಗಳ ಅಧ್ಯಯನದಲ್ಲಿ, ಕಡಿಮೆ ಪ್ರೋಟೀನ್ ಆಹಾರಕ್ಕೆ ಟ್ರಿಪ್ಟೊಫ್ಯಾನ್ ಸೇರಿಸಿದಾಗ ತಮ್ಮ ಜಾಗ ಕಾಯಲು ಏರಿಹೋಗುವ ನಾಯಿಗಳ ಆಕ್ರಮಣ ತಗ್ಗಿತ್ತು. 2009ರಲ್ಲಿ ಪ್ರಕಟವಾದ, ಸ್ವಲ್ಪ ಅಂಜುಬುರುಕ 138 ನಾಯಿಗಳ ಅಧ್ಯಯನದಲ್ಲಿ ಇದನ್ನು ತಿಂದ ನಾಯಿಗಳ ರಕ್ತದಲ್ಲಿ ಪ್ರಮಾಣ ಏರಿತು, ನಡವಳಿಕೆ ಬದಲಾಗಲಿಲ್ಲ. ಹಾಗಾಗಿ ನಾನು ಪುಡಿಯನ್ನು ಮೊದಲ ಮದ್ದಾಗಿ ಬರೆಯುವುದಿಲ್ಲ. ಮೊದಲು ಕಿವಿ, ಹಲ್ಲು, ಕಾಲು ನೋಡುತ್ತೇನೆ, ನೋವಿದೆಯೇ ಎಂದು. ಆಮೇಲೆ ಕೇಳುವುದು, ದಿನಕ್ಕೆ ಎಷ್ಟು ಹೊತ್ತು ಕಟ್ಟಿಹಾಕುತ್ತೀರಿ ಎಂದು. ಮೊಲದ ಬೆನ್ನು ಹತ್ತಿ ಓಡಲೆಂದೇ ಬೆಳೆಸಿದ ತಳಿ ಇದು. ಇಡೀ ದಿನ ಸರಪಳಿಯಲ್ಲಿದ್ದರೆ ಯಾವ ಪುಡಿಯೂ ಸಾಲದು. ಸೆರೊಟೋನಿನ್ ಪ್ರಭಾವ ಹೆಚ್ಚಿಸುವ ಫ್ಲುಯಾಕ್ಸೆಟಿನ್‌ನಂಥ ಮಾತ್ರೆ ನಡೆದಿದ್ದರಂತೂ ವೈದ್ಯರಿಗೆ ತಿಳಿಸದೆ ಇದನ್ನು ಕೊಡಲೇಬೇಡಿ, ಸೆರೊಟೋನಿನ್ ಮಿತಿಮೀರಬಹುದು.

ಅವರು ಏಳುವಾಗ, "ಮನ್ಯಾಗ ಆಕಳೊಂದು ಒದೀತೈತ್ರಿ, ಅದಕ್ಕೂ ಒಂದ್ ಚಮಚ ಹಾಕ್ಲೇನ್ರಿ?" ಎಂದರು. ಬೇಡವೇ ಬೇಡ ಎಂದೆ. ದನದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಟ್ರಿಪ್ಟೊಫ್ಯಾನ್ ಅನ್ನು 3-ಮೀಥೈಲ್ ಇಂಡೋಲ್ ಆಗಿ ಮಾರ್ಪಡಿಸಬಲ್ಲವು. ಅದು ಶ್ವಾಸಕೋಶಕ್ಕೆ ವಿಷ, ಹೆಚ್ಚಾದರೆ ಉಸಿರು ಕಟ್ಟಿ ದನ ಸಾಯಬಹುದು. ಸಂಜೆ ಅವರ ಕೊಟ್ಟಿಗೆಗೆ ಹೋಗಿ ಕೆಚ್ಚಲು ನೋಡಿದೆ. ಎರಡು ಮೊಲೆ ಬಿರುಕು ಬಿಟ್ಟು ಕೆಂಪಾಗಿದ್ದವು. ಮುಲಾಮು ಬರೆದುಕೊಟ್ಟೆ.